ಯಂತ್ರ ನಿಯಂತ್ರಕಕ್ಕೆ ಜಾಲದ ತಂತಿ: ಮಾಲೀಕರು ಹಾಕಬೇಕಾದ ಲೆಕ್ಕ

ಸಣ್ಣ ಕೈಗಾರಿಕಾ ಘಟಕಗಳಲ್ಲಿ ಸಾಮಾನ್ಯವಾಗಿ ಪ್ರತಿ ಯಂತ್ರದ ಪಕ್ಕದಲ್ಲೂ ಒಂದು ಪುಸ್ತಕ ತೂಗಾಡುತ್ತಿರುತ್ತದೆ. ದಾರ ಕಟ್ಟಿದ ಪೆನ್ನು, ಹಾಳೆಯ ಅಂಚಿನಲ್ಲಿ ಎಣ್ಣೆಯ ಬೆರಳಚ್ಚು, ಪಾಳಿ ಮುಗಿಯುವ ಹೊತ್ತಿಗೆ ಒಂದೇ ಬಾರಿಗೆ ಬರೆದು ಮುಗಿಸಿದ ಎಂಟು ಗಂಟೆಗಳ ವಿವರ. ಯಂತ್ರ ನಡೆದದ್ದು ಏಳೂವರೆ ಗಂಟೆ, ತಯಾರಾದ ಬಿಡಿಭಾಗಗಳು ಇಷ್ಟು, ತಿರಸ್ಕೃತವಾದವು ಇಷ್ಟು. ತಿಂಗಳ ಕೊನೆಗೆ ಆ ಪುಸ್ತಕ ಕಚೇರಿಗೆ ಬರುತ್ತದೆ. ಗುಮಾಸ್ತರು ಅದನ್ನು ಗಣಕಯಂತ್ರಕ್ಕೆ ಏರಿಸುತ್ತಾರೆ. ದಾಸ್ತಾನಿನ ಲೆಕ್ಕ, ತಯಾರಿಕಾ ವೆಚ್ಚ, ಗ್ರಾಹಕರಿಗೆ ಕಳುಹಿಸುವ ಮುಂದಿನ ದರಪಟ್ಟಿ ಎಲ್ಲವೂ ಆ ಎಣ್ಣೆಯ ಹಾಳೆಗಳ ಮೇಲೆಯೇ ನಿಂತಿರುತ್ತವೆ.

ಅದೇ ಯಂತ್ರದ ವಿದ್ಯುತ್ ಪೆಟ್ಟಿಗೆಯ ಬಾಗಿಲು ತೆರೆದರೆ ಒಳಗೆ ಅಂಗೈಯಗಲದ ನಿಯಂತ್ರಕವೊಂದು ಕುಳಿತಿರುತ್ತದೆ. ಪಿ.ಎಲ್.ಸಿ. ಎಂದು ಕರೆಯಲ್ಪಡುವ ಈ ಉಪಕರಣವು ಯಂತ್ರ ಯಾವಾಗ ಆರಂಭವಾಯಿತು, ಯಾವಾಗ ನಿಂತಿತು, ಎಷ್ಟು ಆವರ್ತ ಮುಗಿಸಿತು ಎಂಬುದನ್ನೆಲ್ಲ ಕ್ಷಣಕ್ಷಣಕ್ಕೂ ಬಲ್ಲದು. ಈಚಿನ ವರ್ಷಗಳ ನಿಯಂತ್ರಕಗಳ ಮುಖದ ಮೇಲೆ ಈಥರ್‌ನೆಟ್ ಕೇಬಲ್ಲನ್ನು ಸಿಕ್ಕಿಸುವ ಚೌಕಾಕಾರದ ಕಿಂಡಿಯೂ ಇರುತ್ತದೆ. ಅನೇಕ ಘಟಕಗಳಲ್ಲಿ ಯಂತ್ರ ಬಂದಿಳಿದ ದಿನದಿಂದ ಅದು ಧೂಳು ಹಿಡಿದು ಕುಳಿತಿದೆ. ಆ ಕಿಂಡಿಯ ಬೆಲೆಯನ್ನು ಮಾಲೀಕರು ಯಂತ್ರದ ಬಿಲ್ಲಿನಲ್ಲಿಯೇ ತೆತ್ತಾಗಿದೆ.

ಆ ಕಿಂಡಿಗೆ ತಂತಿ ಹಾಕಬೇಕೆ, ಹಾಕುವುದಾದರೆ ಹೇಗೆ ಎಂಬ ವಿಚಾರವನ್ನು ಬಹುಮಟ್ಟಿಗೆ ಯಂತ್ರ ಮಾರಿದವರಿಗೆ ಅಥವಾ ವಿದ್ಯುತ್ ಕೆಲಸದವರಿಗೆ ಬಿಟ್ಟುಬಿಡುವ ರೂಢಿ ಬೆಳೆದುಬಂದಿದೆ. ಇದು ಸರಿಯಾದ ರೂಢಿಯಲ್ಲ. ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಘಟಕಗಳ ಅಳಿವು ಉಳಿವು ಒಂದೊಂದು ಬಿಡಿಭಾಗದ ಮೇಲಿನ ಕೆಲವೇ ರೂಪಾಯಿಗಳ ಅಂತರವನ್ನು ಅವಲಂಬಿಸಿದೆ. ಆ ಅಂತರ ನಿಜವೋ ಭ್ರಮೆಯೋ ಎಂಬುದನ್ನು ತಿಳಿಸಬಲ್ಲ ತಂತಿಯ ವಿಚಾರದಲ್ಲಿ ಕೊನೆಯ ಮಾತು ಮಾಲೀಕರದೇ ಆಗಿರಬೇಕು.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಂದು ಸಿ.ಎನ್.ಸಿ. ಯಂತ್ರದ ಸವಕಳಿ, ಸಾಲದ ಬಡ್ಡಿ, ಕಾರ್ಮಿಕರ ವೇತನ, ಬಾಡಿಗೆ, ವಿಮೆ ಎಲ್ಲ ಸೇರಿ ವರ್ಷದ ಸ್ಥಿರ ವೆಚ್ಚ 12 ಲಕ್ಷ ರೂಪಾಯಿ. ದಿನಕ್ಕೆ ಎಂಟು ಗಂಟೆಯ ಎರಡು ಪಾಳಿ, ವರ್ಷಕ್ಕೆ 300 ದಿನ. ಒಟ್ಟು 4,800 ಗಂಟೆ. ಮಾಲೀಕರು 12 ಲಕ್ಷವನ್ನು 4,800ರಿಂದ ಭಾಗಿಸಿ ಗಂಟೆಗೆ 250 ರೂಪಾಯಿ ಎಂದು ದರ ಕಟ್ಟುತ್ತಾರೆ. ಇಪ್ಪತ್ತು ನಿಮಿಷ ಹಿಡಿಯುವ ಬಿಡಿಭಾಗಕ್ಕೆ ಸುಮಾರು 83 ರೂಪಾಯಿ ಬೀಳುತ್ತದೆ. ಕಚ್ಚಾಮಾಲು, ವಿದ್ಯುತ್ತು, ಕತ್ತರಿಸುವ ಹತ್ಯಾರುಗಳ ಖರ್ಚನ್ನು ಬೇರೆಯಾಗಿ ಸೇರಿಸಿ, ಯಂತ್ರದ ಬಾಬ್ತಿಗೆ 110 ರೂಪಾಯಿ ಒಪ್ಪಿಕೊಂಡರೆ 27 ರೂಪಾಯಿ ಲಾಭ ಎಂಬುದು ಅವರ ನಂಬಿಕೆ. ಆದರೆ ಕೆಲಸ ಬದಲಾಯಿಸುವಾಗಿನ ಜೋಡಣೆ, ಕಚ್ಚಾಮಾಲಿಗಾಗಿ ಕಾಯುವುದು, ಅಳತೆ ಪರೀಕ್ಷೆಯವರಿಗಾಗಿ ಕಾಯುವುದು, ವಿದ್ಯುತ್ ಕಡಿತ, ಹತ್ಯಾರು ಬದಲಾವಣೆ ಇವೆಲ್ಲವನ್ನೂ ಕಳೆದು ಯಂತ್ರ ನಿಜವಾಗಿ ಕೆಲಸ ಮಾಡಿದ್ದು ಶೇ. 60ರಷ್ಟು, ಅಂದರೆ 2,880 ಗಂಟೆ ಮಾತ್ರ ಎಂದಾದರೆ ಗಂಟೆಯ ವೆಚ್ಚ ಸುಮಾರು 417 ರೂಪಾಯಿಗೆ ಏರುತ್ತದೆ. ಆಗ ಅದೇ ಬಿಡಿಭಾಗದ ಯಂತ್ರವೆಚ್ಚ 139 ರೂಪಾಯಿ. ಪ್ರತಿಯೊಂದರ ಮೇಲೂ 29 ರೂಪಾಯಿ ನಷ್ಟ. ಆದೇಶ ಹೆಚ್ಚಾಯಿತೆಂದು ಇಂಥ ಮಾಲೀಕರು ಹಬ್ಬದ ದಿನ ಸಿಹಿ ಹಂಚುತ್ತಾರೆ. ವರ್ಷದ ಕೊನೆಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಏಕೆ ಏರಿತೆಂದು ಲೆಕ್ಕಪರಿಶೋಧಕರನ್ನು ಕೇಳುತ್ತಾರೆ.

ಪಾಳಿ ಪುಸ್ತಕದಲ್ಲಿ ಏಳೂವರೆ ಗಂಟೆ ಎಂದು ಬರೆದ ಕಾರ್ಮಿಕ ಸುಳ್ಳುಗಾರನೇನಲ್ಲ. ಮೂರು ನಿಮಿಷ, ಐದು ನಿಮಿಷಗಳ ನಿಲುಗಡೆಗಳನ್ನು ನೆನಪಿನಿಂದ ಬರೆಯಲು ಯಾರಿಂದಲೂ ಆಗದು. ಆ ಚೂರುಗಳೇ ಸೇರಿ ಶೇ. 40 ಆಗುತ್ತವೆ. ಅವುಗಳನ್ನು ಮರೆಯದೆ ಎಣಿಸಬಲ್ಲದ್ದು ನಿಯಂತ್ರಕ ಮಾತ್ರ.

ಈ ಉಪಕರಣದ ಚರಿತ್ರೆ ಅಷ್ಟೇನೂ ಹಳೆಯದಲ್ಲ. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗವು, ಕಾರಿನ ಮಾದರಿ ಬದಲಾದಾಗಲೆಲ್ಲ ಸಾವಿರಾರು ರಿಲೇಗಳ ತಂತಿಗಳನ್ನು ಕಿತ್ತು ಕಟ್ಟುವ ಗೋಜಿಗೆ ಬೇಸತ್ತು ಬದಲಿ ವ್ಯವಸ್ಥೆಯೊಂದನ್ನು ಕೇಳಿತು. ಮರುವರ್ಷ ಮೋಡಿಕಾನ್ 084 ಎಂಬ ನಿಯಂತ್ರಕ ಸಿದ್ಧವಾಯಿತು. ಅದೇ ಮೋಡಿಕಾನ್ ಸಂಸ್ಥೆ 1979ರಲ್ಲಿ ನಿಯಂತ್ರಕಗಳು ಪರಸ್ಪರ ಮಾತನಾಡಲು ಮೋಡ್‌ಬಸ್ ಎಂಬ ಸರಳ ಭಾಷೆಯನ್ನು ರೂಪಿಸಿತು. 1999ರಲ್ಲಿ ಅದು ಈಥರ್‌ನೆಟ್ ತಂತಿಯ ಮೇಲೂ ಸಂಚರಿಸುವಂತಾಯಿತು. ಇಂದಿಗೂ ವಿದ್ಯುತ್ ಮಾಪಕದಿಂದ ಹಿಡಿದು ಕುಲುಮೆಯ ತಾಪ ನಿಯಂತ್ರಕದವರೆಗೆ ಅಸಂಖ್ಯ ಉಪಕರಣಗಳು ಈ ಭಾಷೆಯನ್ನು ಬಲ್ಲವು. ನಿಯಂತ್ರಕದ ಒಳಗೆ ಸಂಖ್ಯೆಗಳನ್ನು ಇಡುವ ಮನೆಗಳಿಗೆ ‘ರಿಜಿಸ್ಟರ್’ ಎಂದೇ ಹೆಸರು. ವರ್ತಕರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ಇಷ್ಟನೆಯ ರಿಜಿಸ್ಟರಿನಲ್ಲಿ ಆವರ್ತಗಳ ಸಂಖ್ಯೆ, ಮತ್ತೊಂದರಲ್ಲಿ ನಡೆದ ನಿಮಿಷಗಳು. ಕಚೇರಿಯ ಗಣಕಯಂತ್ರ ಕೇಳಿದಾಗ ನಿಯಂತ್ರಕ ಓದಿ ಹೇಳುತ್ತದೆ, ಅಷ್ಟೆ.

ಈಥರ್‌ನೆಟ್ ಕಿಂಡಿಯಿಲ್ಲದ ಹಳೆಯ ಯಂತ್ರಗಳನ್ನೂ ಕೈಬಿಡಬೇಕಾಗಿಲ್ಲ. ಆರ್.ಎಸ್. 485 ಎಂಬ ಎರಡೆಳೆಯ ತಂತಿಯ ಪದ್ಧತಿಯು ಕಡಿಮೆ ವೇಗದಲ್ಲಿ 1,200 ಮೀಟರುಗಳವರೆಗೂ ಕೆಲಸ ಮಾಡುತ್ತದೆ. ಅದರ ತುದಿಗೆ ಚಿಕ್ಕದೊಂದು ಪರಿವರ್ತಕವನ್ನು ಜೋಡಿಸಿದರೆ ಮುಂದಿನ ದಾರಿ ಈಥರ್‌ನೆಟ್‌ನದು. ಅದೂ ಇಲ್ಲದ ಯಂತ್ರದ ವಿದ್ಯುತ್ ಪೆಟ್ಟಿಗೆಗೆ ಮೋಡ್‌ಬಸ್ ಬಲ್ಲ ವಿದ್ಯುತ್ ಮಾಪಕವೊಂದನ್ನು ಕೂರಿಸಿದರೂ ಯಂತ್ರ ನಡೆಯಿತೋ ನಿಂತಿತೋ ಎಂಬಷ್ಟು ತಿಳಿಯುತ್ತದೆ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು.

ತಂತಿಯೇ ಏಕೆ, ಇಂದಿನ ಕಾಲದಲ್ಲಿ ವೈಫೈ ಸಾಲದೆ ಎಂದು ಕೇಳುವವರುಂಟು. ನೆಲಕ್ಕೆ ಬೋಲ್ಟು ಬಿಗಿದು ಹತ್ತಾರು ವರ್ಷ ಒಂದೇ ಕಡೆ ನಿಲ್ಲುವ ಯಂತ್ರಕ್ಕೆ ಗಾಳಿಯ ಸಂಪರ್ಕದಿಂದ ಆಗುವ ಉಪಕಾರ ಅಲ್ಪ. ತಗಡಿನ ಛಾವಣಿ, ಕಬ್ಬಿಣದ ಕಂಬಗಳು, ಅಡ್ಡಾಡುವ ಕ್ರೇನು ಇವುಗಳ ನಡುವೆ ಸಂಕೇತ ಕಡಿದುಹೋದಾಗ ಲೆಕ್ಕದಲ್ಲಿ ತೂತು ಬೀಳುತ್ತದೆ. ತೂತು ಬಿದ್ದ ಲೆಕ್ಕವನ್ನು ಯಾರೂ ನಂಬುವುದಿಲ್ಲ. ಆದರೆ ತಂತಿಗೂ ಅದರದೇ ಆದ ಶಿಸ್ತು ಬೇಕು. ತಾಮ್ರದ ಈಥರ್‌ನೆಟ್ ಕೇಬಲ್ಲಿನ ಒಂದು ತುಂಡು 100 ಮೀಟರು ಮೀರುವಂತಿಲ್ಲ. ಮೋಟಾರುಗಳ ವಿದ್ಯುತ್ ಕೇಬಲ್ಲಿನ ಜೊತೆಗೆ ಒಂದೇ ಕೊಳವೆಯಲ್ಲಿ ಅದನ್ನು ಎಳೆಯಬಾರದು, ಅಡ್ಡ ಹಾಯಲೇಬೇಕಾದರೆ ನೇರ ಕೋನದಲ್ಲಿ ಹಾಯಬೇಕು. ಒಂದು ಷೆಡ್ಡಿನಿಂದ ಇನ್ನೊಂದಕ್ಕೆ ಹೋಗುವಲ್ಲಿ ತಾಮ್ರದ ಬದಲು ಗಾಜಿನೆಳೆಯ ಕೇಬಲ್ಲನ್ನು ಬಳಸುವುದು ಕ್ಷೇಮ, ಏಕೆಂದರೆ ಎರಡು ಕಟ್ಟಡಗಳ ಭೂಸಂಪರ್ಕದಲ್ಲಿನ ವ್ಯತ್ಯಾಸವೂ ಮಳೆಗಾಲದ ಸಿಡಿಲೂ ತಾಮ್ರದ ಮೂಲಕ ನೇರವಾಗಿ ನಿಯಂತ್ರಕದೊಳಕ್ಕೆ ಇಳಿಯಬಲ್ಲವು. ಪ್ರತಿ ನಿಯಂತ್ರಕಕ್ಕೂ ಜಾಲದಲ್ಲಿ ಒಂದು ವಿಳಾಸ ಸಂಖ್ಯೆ ಇರುತ್ತದೆ. ಕಾರ್ಖಾನೆಯಿಂದ ಬರುವಾಗ ಒಂದೇ ತಯಾರಿಕೆಯ ಹಲವು ಉಪಕರಣಗಳಲ್ಲಿ ಒಂದೇ ಸಂಖ್ಯೆ ಇರುವುದುಂಟು. ಒಂದೇ ಬಾಗಿಲ ಸಂಖ್ಯೆಯ ಎರಡು ಮನೆಗಳಿದ್ದರೆ ಅಂಚೆಯವನಿಗೆ ಆಗುವ ಗೊಂದಲವೇ ಇಲ್ಲಿಯೂ ಆಗುತ್ತದೆ. ಸ್ಥಿರಾಸ್ತಿಗಳ ರಿಜಿಸ್ಟರಿನಲ್ಲಿ ಪ್ರತಿ ಯಂತ್ರದ ಮುಂದೆ ಒಂದು ಕಾಲಂ ಹೆಚ್ಚಿಸಿ ಈ ವಿಳಾಸವನ್ನು ಬರೆದಿಟ್ಟರೆ ಮುಂದೆ ಅನೇಕ ತಾಪತ್ರಯಗಳು ತಪ್ಪುತ್ತವೆ.

ಇಷ್ಟು ಲಾಭದ ಮಾತಾಯಿತು. ಅಪಾಯದ ಮಾತು ಇದಕ್ಕಿಂತ ದೊಡ್ಡದು.

ಮೋಡ್‌ಬಸ್ ಭಾಷೆ ಹುಟ್ಟಿದ ಕಾಲದಲ್ಲಿ ಜಾಲ ಎಂದರೆ ಒಂದೇ ಕಾರ್ಖಾನೆಯ ನಾಲ್ಕು ಗೋಡೆಗಳೊಳಗಿನ ತಂತಿ. ಹೊರಗಿನವರು ಅಲ್ಲಿಗೆ ಬರುವ ಸಂಭವವೇ ಇರಲಿಲ್ಲ. ಆದ್ದರಿಂದ ಅದರ ಮೂಲರೂಪದಲ್ಲಿ ಪಾಸ್‌ವರ್ಡ್ ಎಂಬುದೇ ಇಲ್ಲ. ತಂತಿಯ ಮೇಲೆ ಬಂದ ಆದೇಶ ಯಾರದು ಎಂದು ನಿಯಂತ್ರಕ ವಿಚಾರಿಸುವುದಿಲ್ಲ. ‘ಓದು’ ಎಂಬ ಆದೇಶ ಬಂದರೆ ಓದಿ ಹೇಳುತ್ತದೆ. ‘ಬರೆ’ ಎಂಬ ಆದೇಶ ಬಂದರೆ ರಿಜಿಸ್ಟರಿನ ಸಂಖ್ಯೆಯನ್ನೇ ಬದಲಾಯಿಸುತ್ತದೆ. ಆ ಸಂಖ್ಯೆ ಕುಲುಮೆಯ ತಾಪವಾಗಿರಬಹುದು, ಪ್ರೆಸ್ಸಿನ ಒತ್ತಡವಾಗಿರಬಹುದು. ಇಂಥ ನಿಯಂತ್ರಕವನ್ನು ಕಚೇರಿಯ ಅಂತರಜಾಲ ಸಂಪರ್ಕಕ್ಕೆ ನೇರವಾಗಿ ಕಟ್ಟುವುದೆಂದರೆ ತಿಜೋರಿಯನ್ನು ರಸ್ತೆಯ ಬದಿಯಲ್ಲಿ ತೆರೆದಿಟ್ಟು ಊಟಕ್ಕೆ ಹೋದಂತೆ.

2023ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಅಲಿಕ್ವಿಪಾ ಎಂಬ ಪಟ್ಟಣದ ನೀರು ಸರಬರಾಜು ವ್ಯವಸ್ಥೆಯಲ್ಲಿ ಇದೇ ನಡೆಯಿತು. ನೀರಿನ ಒತ್ತಡವನ್ನು ಕಾಯ್ದುಕೊಳ್ಳುವ ಕೇಂದ್ರವೊಂದರ ನಿಯಂತ್ರಕವನ್ನು ದಾಳಿಕೋರರು ದೂರದಿಂದಲೇ ವಶಪಡಿಸಿಕೊಂಡರು. ಸಿಬ್ಬಂದಿ ಅದನ್ನು ನಿಲ್ಲಿಸಿ ಕೈಯಿಂದ ಯಂತ್ರ ನಡೆಸಬೇಕಾಯಿತು. ಆ ಮಾದರಿಯ ನಿಯಂತ್ರಕಗಳು ಅಂತರಜಾಲಕ್ಕೆ ನೇರವಾಗಿ ತೆರೆದುಕೊಂಡಿದ್ದುದು, ತಯಾರಕರು ಕೊಟ್ಟ ಮೂಲ ಪಾಸ್‌ವರ್ಡನ್ನು ಬಳಕೆದಾರರು ಬದಲಾಯಿಸದೆ ಬಿಟ್ಟದ್ದು, ಇವೇ ದಾರಿಯಾದವೆಂದು ಅಲ್ಲಿನ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಎಚ್ಚರಿಸಿತು. ಆ ಪಾಸ್‌ವರ್ಡ್ ನಾಲ್ಕು ಬಾರಿ ಒಂದು, ಅಂದರೆ 1111. ಸೂಟ್‌ಕೇಸಿನ ಬೀಗಕ್ಕೂ ಜನ ಇದಕ್ಕಿಂತ ಒಳ್ಳೆಯ ಸಂಖ್ಯೆ ಇಡುತ್ತಾರೆ.

ಇದಕ್ಕೂ ಹೆಚ್ಚು ಪಾಠ ಹೇಳುವ ಪ್ರಸಂಗ ತೈವಾನಿನದು. ಜಗತ್ತಿನ ಅತಿ ದೊಡ್ಡ ಚಿಪ್ ತಯಾರಕ ಸಂಸ್ಥೆಯಾದ ಟಿ.ಎಸ್.ಎಂ.ಸಿ. 2018ರ ಆಗಸ್ಟಿನಲ್ಲಿ ಹೊಸ ಯಂತ್ರವೊಂದನ್ನು ತರಿಸಿ ಅದರಲ್ಲಿ ತಂತ್ರಾಂಶ ಹಾಕುವಾಗ ಎಡವಿತು. ಯಂತ್ರವನ್ನು ಜಾಲಕ್ಕೆ ಸೇರಿಸಿದೊಡನೆ ಅದರೊಳಗಿದ್ದ ವೈರಸ್ ಇತರ ಯಂತ್ರಗಳಿಗೆ ಹರಡಿ ಉತ್ಪಾದನೆ ನಿಂತಿತು. ಆ ತ್ರೈಮಾಸಿಕದ ವರಮಾನದ ಸುಮಾರು ಶೇ. 3ರಷ್ಟು ಪೆಟ್ಟು ಬೀಳಬಹುದೆಂದು ಸಂಸ್ಥೆಯೇ ಆಗ ಅಂದಾಜಿಸಿತು. ಅಂಥವರೇ ಎಡವಿದರೆಂದ ಮೇಲೆ ಎಂಟು ಯಂತ್ರಗಳ ಘಟಕ ಎಷ್ಟು ಜಾಗರೂಕವಾಗಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಸುದ್ದಿಗಳನ್ನು ಓದಿ ತಂತಿಯ ಗೊಡವೆಯೇ ಬೇಡ ಎನ್ನುವವರು ಇನ್ನೊಂದನ್ನೂ ನೆನಪಿಡಬೇಕು. ಯಂತ್ರದ ನಿಯಂತ್ರಕಗಳನ್ನೇ ಗುರಿಯಾಗಿಸಿಕೊಂಡು 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ವೈರಸ್ ಪೆನ್ ಡ್ರೈವ್ ಮೂಲಕ ಹರಡುವಂತೆ ರಚಿತವಾಗಿತ್ತು. ತಂತಿ ಇಲ್ಲದ ಯಂತ್ರಕ್ಕೆ ಕಾರ್ಯಕ್ರಮ ತುಂಬಲು ದಿನಕ್ಕೆ ಹತ್ತು ಬಾರಿ ಯಾರದೋ ಪೆನ್ ಡ್ರೈವ್ ಚುಚ್ಚುವ ಘಟಕಗಳು ಸುರಕ್ಷಿತವೆಂದು ಹೇಗೆ ಹೇಳುವುದು?

ಉಪಾಯ ದುಬಾರಿಯದೇನಲ್ಲ. ಯಂತ್ರಗಳ ಜಾಲ ಬೇರೆ, ಕಚೇರಿಯ ಜಾಲ ಬೇರೆ ಇರಬೇಕು. ಎರಡರ ನಡುವೆ ಒಂದೇ ಬಾಗಿಲು, ಆ ಬಾಗಿಲಲ್ಲಿ ಫೈರ್‌ವಾಲ್ ಎಂಬ ಕಾವಲು. ಕಚೇರಿಯ ಕಡೆಯಿಂದ ಓದುವ ಆದೇಶಗಳಿಗೆ ಮಾತ್ರ ಪ್ರವೇಶ, ಬರೆಯುವ ಆದೇಶಗಳಿಗೆ ತಡೆ. ಇದನ್ನು ವಿಂಗಡಿಸಬಲ್ಲ ಉಪಕರಣಗಳು ಮಾರುಕಟ್ಟೆಯಲ್ಲಿವೆ. ಉಚಿತ ವೈಫೈಗಾಗಿ ಕಾವಲುಗಾರನ ಮೊಬೈಲೂ, ಟ್ಯಾಲಿ ನಡೆಯುವ ಗಣಕಯಂತ್ರವೂ, ಎರಡು ಟನ್ನಿನ ಪ್ರೆಸ್ಸೂ ಒಂದೇ ಪೆಟ್ಟಿಗೆಗೆ ಕಟ್ಟಲ್ಪಟ್ಟಿರುವ ಸ್ಥಿತಿಯನ್ನು ಮೊದಲು ಸರಿಪಡಿಸಬೇಕು. ಯಂತ್ರದ ಪರದೆಯ ಹಿಂದೆ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಇದ್ದಲ್ಲಿ, ತಯಾರಕರ ಬೆಂಬಲ ಮೊದಲನೆಯದಕ್ಕೆ 2014ರಲ್ಲಿ, ಎರಡನೆಯದಕ್ಕೆ 2020ರಲ್ಲಿ ಮುಗಿದಿದೆ ಎಂಬುದನ್ನು ಮರೆಯುವಂತಿಲ್ಲ. ಅನಾಹುತವೇ ಸಂಭವಿಸಿದರೆ ಮುಚ್ಚಿಡುವ ಹಾಗೂ ಇಲ್ಲ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು.

ಇನ್ನು ಯಂತ್ರ ಮಾರುವವರ ವಿಚಾರ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಇಲ್ಲಿ ತಿರುಗುಮುರುಗಾಗಿದೆ. ಯಂತ್ರ ಕೊಂಡ ಮೇಲೆಯೇ ಮಾಲೀಕರು ಅಂಬಿಗನ ಹಂಗಿಗೆ ಬೀಳುತ್ತಾರೆ. ನಿಯಂತ್ರಕದ ಕಾರ್ಯಕ್ರಮದ ಪ್ರತಿ ಮಾಲೀಕರ ಬಳಿ ಇರುವುದಿಲ್ಲ, ಪಾಸ್‌ವರ್ಡ್ ಸ್ಥಾಪನೆಗೆ ಬಂದಿದ್ದ ಹುಡುಗನಿಗೆ ಮಾತ್ರ ಗೊತ್ತು, ಆ ಹುಡುಗ ಈಗ ಬೇರೆ ಕಡೆ ಕೆಲಸದಲ್ಲಿದ್ದಾನೆ. ಹಳೆಯ ನಿಯಂತ್ರಕಗಳಲ್ಲಿ ಕಾರ್ಯಕ್ರಮವನ್ನು ಹಿಡಿದಿಡುವುದು ಚಿಕ್ಕದೊಂದು ಬ್ಯಾಟರಿ. ಅದು ಸತ್ತ ದಿನ ಲಕ್ಷಾಂತರ ರೂಪಾಯಿಯ ಯಂತ್ರ ಕಬ್ಬಿಣದ ರಾಶಿ. ಖರೀದಿ ಆದೇಶದಲ್ಲಿಯೇ ಕೆಲವು ಷರತ್ತುಗಳನ್ನು ಬರೆಸಿಕೊಳ್ಳಬೇಕು. ಕಾರ್ಯಕ್ರಮದ ಪೂರ್ಣ ಪ್ರತಿ, ರಿಜಿಸ್ಟರುಗಳ ಪಟ್ಟಿ, ಎಲ್ಲ ಪಾಸ್‌ವರ್ಡುಗಳು ಹಸ್ತಾಂತರವಾಗುವವರೆಗೆ ಕೊನೆಯ ಕಂತು ಪಾವತಿಯಾಗಬಾರದು. ದುರಸ್ತಿಗಾಗಿ ದೂರದಿಂದ ಜಾಲದೊಳಕ್ಕೆ ಬರಲು ಅವರು ಬಯಸಿದರೆ ಮಾಲೀಕರು ತಂತಿ ಸಿಕ್ಕಿಸಿದಾಗ ಮಾತ್ರ ಬರಲಿ, ಕೆಲಸ ಮುಗಿದೊಡನೆ ತಂತಿ ಕಳಚಲಿ. ರಿಜಿಸ್ಟರುಗಳ ಪಟ್ಟಿಯೇ ಇಲ್ಲದಿದ್ದರೆ ಕಿಂಡಿ ಇದ್ದೂ ಪ್ರಯೋಜನವಿಲ್ಲ. ಯಾವ ಮನೆಯಲ್ಲಿ ಯಾವ ಸಂಖ್ಯೆ ಇದೆ ಎಂದು ಊಹಿಸುತ್ತ ಕೂರಬೇಕಾಗುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಈ ಅಂಕಿಗಳಿಗೆ ಬೆಲೆಯಿದೆ. 2017ರ ಕೇಂದ್ರ ಜಿ.ಎಸ್.ಟಿ. ನಿಯಮಗಳ 56ನೆಯ ನಿಯಮದ 12ನೆಯ ಉಪನಿಯಮವು, ಸರಕು ತಯಾರಿಸುವ ಪ್ರತಿ ನೋಂದಾಯಿತ ವ್ಯಕ್ತಿಯೂ ಬಳಸಿದ ಕಚ್ಚಾಮಾಲು, ತಯಾರಾದ ಸರಕು, ವ್ಯರ್ಥ ಹಾಗೂ ಉಪೋತ್ಪನ್ನಗಳ ಪ್ರಮಾಣವನ್ನು ತೋರಿಸುವ ಮಾಸಿಕ ಉತ್ಪಾದನಾ ಲೆಕ್ಕವನ್ನು ಇಡಬೇಕೆನ್ನುತ್ತದೆ. ಎಷ್ಟು ಸಣ್ಣ ಘಟಕಗಳು ಇದನ್ನು ಮನಃಪೂರ್ವಕವಾಗಿ ಇಡುತ್ತವೆ ಎಂಬುದು ಪರಿಶೋಧಕರಿಗೆ ಗೊತ್ತಿರುವ ವಿಷಯ. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಿಚಿತ್ರವೆಂದರೆ ರೂಪಾಯಿಯ ಜಾಡಿಗೆ ಇಷ್ಟು ಕಾವಲಿರುವಾಗ, ಆ ರೂಪಾಯಿ ಹುಟ್ಟುವ ಬಿಡಿಭಾಗದ ಎಣಿಕೆ ಮಾತ್ರ ಇನ್ನೂ ದಾರ ಕಟ್ಟಿದ ಪೆನ್ನಿನ ಕೈಯಲ್ಲಿದೆ.

ಹಾಗೆಂದು ತಂತಿಯ ಅಂಕಿಯನ್ನು ದೇವರ ವಾಕ್ಯವೆಂದು ತಿಳಿಯಬೇಕಾಗಿಲ್ಲ. ನಿಯಂತ್ರಕ ಎಣಿಸುವುದು ಆವರ್ತಗಳನ್ನು, ಒಳ್ಳೆಯ ಬಿಡಿಭಾಗಗಳನ್ನಲ್ಲ. ಕಚ್ಚಾಮಾಲಿಲ್ಲದೆ ಯಂತ್ರವನ್ನು ಬರಿದೇ ಓಡಿಸಿದರೂ ಸಂಖ್ಯೆ ಏರುತ್ತದೆ. ಅದರ ಗಡಿಯಾರ ಹಿಂದೆ ಮುಂದೆ ಆಗಿರುವುದೂ ಉಂಟು. ಆದ್ದರಿಂದ ವೇಳೆಯನ್ನು ಸಂಗ್ರಹಿಸುವ ಗಣಕಯಂತ್ರದಿಂದಲೇ ಹಾಕಿಸುವುದು ಒಳಿತು. ಉಗ್ರಾಣದಿಂದ ಹೊರಟ ಕಚ್ಚಾಮಾಲಿನ ತೂಕ, ಗುಜರಿಯ ತೂಕ, ರವಾನೆಯಾದ ಸರಕಿನ ಸಂಖ್ಯೆ ಇವುಗಳೊಂದಿಗೆ ತಿಂಗಳಿಗೊಮ್ಮೆ ತಾಳೆ ನೋಡಲೇಬೇಕು. ಬ್ಯಾಂಕಿನ ಪಾಸ್‌ಬುಕ್ಕಿಗೂ ನಗದು ಪುಸ್ತಕಕ್ಕೂ ತಾಳೆ ನೋಡುವ ಅಭ್ಯಾಸವಿದ್ದವರಿಗೆ ಇದು ಹೊಸತೇನಲ್ಲ.

ಕಾರ್ಮಿಕರ ಮಾತನ್ನು ಇಲ್ಲಿಯೇ ಹೇಳಬೇಕು. ತಂತಿ ಹಾಕಿದ ಮೊದಲ ವಾರವೇ ನಿಲುಗಡೆಯ ಪಟ್ಟಿ ಹಿಡಿದು ಯಂತ್ರ ನಡೆಸುವವನನ್ನು ಗದರಿಸುವ ಮಾಲೀಕರು ಎರಡನೆಯ ವಾರದಿಂದ ಬರಿದೇ ಓಡುವ ಯಂತ್ರಗಳನ್ನು ನೋಡುತ್ತಾರೆ. ನಿಂತ ನಿಮಿಷಗಳ ಕಾರಣ ಹುಡುಕುತ್ತ ಹೋದರೆ ಬಹಳಷ್ಟು ಸಲ ಅದು ಕಚೇರಿಯ ಬಾಗಿಲಿಗೇ ಬಂದು ನಿಲ್ಲುತ್ತದೆ: ತಡವಾಗಿ ಕೊಂಡ ಕಚ್ಚಾಮಾಲು, ಅರ್ಧದಲ್ಲಿ ಬದಲಾಯಿಸಿದ ಆದೇಶ, ಒಂದೇ ಅಳತೆ ಉಪಕರಣಕ್ಕೆ ಐದು ಯಂತ್ರಗಳ ಸರದಿ. ಇದನ್ನು ಒಪ್ಪಿಕೊಳ್ಳುವ ಮನಸ್ಸಿಲ್ಲದವರು ತಂತಿಗೆ ಹಣ ಸುರಿಯದಿರುವುದೇ ವಾಸಿ. ಎರಡೇ ಯಂತ್ರಗಳಿದ್ದು ಮಾಲೀಕರೇ ಎದುರಿಗೆ ನಿಂತು ಕೆಲಸ ಮಾಡಿಸುವ ಘಟಕಕ್ಕೂ ಸದ್ಯಕ್ಕೆ ಇದರ ಅಗತ್ಯವಿಲ್ಲ.

ಲೆಕ್ಕಪತ್ರದಲ್ಲಿ ಈ ಖರ್ಚಿನ ಸ್ಥಾನ ಯಾವುದು ಎಂಬ ಪ್ರಶ್ನೆಯೂ ಬರುತ್ತದೆ. 1962ರ ಆದಾಯ ತೆರಿಗೆ ನಿಯಮಗಳು ಸಾಮಾನ್ಯ ಯಂತ್ರೋಪಕರಣಕ್ಕೆ ಶೇ. 15, ಗಣಕಯಂತ್ರ ಹಾಗೂ ಅದರ ತಂತ್ರಾಂಶಕ್ಕೆ ಶೇ. 40 ಸವಕಳಿ ದರ ನಿಗದಿಪಡಿಸಿದ್ದವು. ರೂಟರು, ಸ್ವಿಚ್ಚುಗಳು ಗಣಕಯಂತ್ರದೊಡನೆ ಅದರ ಅಂಗವಾಗಿ ಬಳಕೆಯಾದಾಗ ಗಣಕಯಂತ್ರದ ದರಕ್ಕೇ ಅರ್ಹವೆಂದು ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ 2010ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠ ತೀರ್ಪಿತ್ತಿತು. ಯಂತ್ರದ ಪೆಟ್ಟಿಗೆಯೊಳಗಿನ ಪರಿವರ್ತಕಕ್ಕೆ ಈ ವಾದ ಎಷ್ಟರ ಮಟ್ಟಿಗೆ ಒಪ್ಪುತ್ತದೆ ಎಂಬುದು ಚರ್ಚಾಸ್ಪದ. 2025ರ ಆದಾಯ ತೆರಿಗೆ ಕಾಯಿದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ, ಬಿಲ್ಲುಗಳನ್ನು ಯಂತ್ರದ ಭಾಗ, ಜಾಲದ ಭಾಗ, ತಂತ್ರಾಂಶದ ಭಾಗ ಎಂದು ಬೇರೆ ಬೇರೆಯಾಗಿಯೇ ಪಡೆದಿಟ್ಟುಕೊಂಡರೆ ತಮ್ಮ ಪರಿಶೋಧಕರಿಗೆ ಉಪಕಾರ ಮಾಡಿದಂತೆ. ‘ಆಟೊಮೇಷನ್ ಕೆಲಸ, ಒಟ್ಟು ಮೊಬಲಗು’ ಎಂಬ ಒಂದೇ ಸಾಲಿನ ಬಿಲ್ಲಿನಿಂದ ಯಾರಿಗೂ ಪ್ರಯೋಜನವಿಲ್ಲ.

ಆರಂಭಕ್ಕೆ ಒಂದೇ ಯಂತ್ರ ಸಾಕು. ಘಟಕದಲ್ಲಿ ಯಾವ ಯಂತ್ರದ ಮುಂದೆ ಕೆಲಸ ಹೆಚ್ಚು ರಾಶಿ ಬೀಳುತ್ತದೋ ಅದು. ಕೇಳಬೇಕಾದದ್ದೂ ಮೂರೇ ಅಂಕಿಗಳು: ನಡೆದ ನಿಮಿಷ, ನಿಂತ ನಿಮಿಷ, ಮುಗಿದ ಆವರ್ತ. ಬಣ್ಣಬಣ್ಣದ ನಕ್ಷೆಗಳ ತಂತ್ರಾಂಶವನ್ನು ಮೊದಲ ದಿನವೇ ಕೊಳ್ಳುವ ಆತುರ ಬೇಡ. ದಾರ ಕಟ್ಟಿದ ಪುಸ್ತಕವನ್ನೂ ಮೂರು ತಿಂಗಳ ಮಟ್ಟಿಗೆ ಅಲ್ಲಿಯೇ ಬಿಡಬೇಕು. ಅಕ್ಟೋಬರಿನಲ್ಲಿ ತಂತಿ ಎಳೆದರೆ ಡಿಸೆಂಬರ್ ಕೊನೆಗೆ ಪುಸ್ತಕದ ಗಂಟೆಗಳನ್ನೂ ತಂತಿಯ ಗಂಟೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ಕಳೆಯಬಹುದು. ಉಳಿದ ಸಂಖ್ಯೆಯನ್ನು ಗಂಟೆಯ ದರಕ್ಕೆ ಹೊಂದಿಸಿ, ಮಾರ್ಚಿನಲ್ಲಿ ಗ್ರಾಹಕರೊಡನೆ ಮುಂದಿನ ವರ್ಷದ ದರದ ಮಾತುಕತೆಗೆ ಕೂರುವಾಗ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಹೋಗಬೇಕು.